ಹುಲ್ಡಾ ಟೀಚರ್ ಕೂಗಿದ ಹಾಜರಿ

ನೆಬ್ರಾಸ್ಕಾದ ನಮ್ಮೂರ ಹೆದ್ದಾರಿಯ ಪಕ್ಕದಲ್ಲಿ, ಎಂದೋ ಮುಚ್ಚಿಹೋದ ಶಾಲೆಯ ನೆನಪಿಗೆ ಫಲಕ ನೆಟ್ಟ ದಿನ ಹುಲ್ಡಾ ಟೀಚರೂ ಬಂದಿದ್ದರು. ಆ ಶಾಲೆಯ ಕೊನೆಯ ಟೀಚರ್ ಅವರೇ. ಈಗ ವಯಸ್ಸು ತೊಂಬತ್ತೊಂದು. ‘ಇಲ್ಲಿ ಶಾಲೆಯಿತ್ತು’ ಎಂಬುದನ್ನು ಓದಿ ಜೋರಾಗಿ ನಕ್ಕುಬಿಟ್ಟರು.

“ಇಲ್ಲೆಲ್ಲಿತ್ತು? ಇಲ್ಲಿ ಬರೀ ಚರಂಡಿ ಇತ್ತು. ಶಾಲೆ ಇದ್ದದ್ದು ನಿನ್ನ ಹೊಲದಲ್ಲಿ ಕಣೋ ವೆಂಡೆಲ್.”

“ಕಾರು ನಿಲ್ಲಿಸೋಕೆ ಜಾಗ ಇರೋದು ಇಲ್ಲೇ ಅಲ್ವಾ ಟೀಚರ್,” ಎಂದೆ.

ಜನ ಕಾಫಿ ಕುಡಿದು ಹೊರಟ ಮೇಲೆ ಅವರು ನನ್ನ ತೋಳು ಹಿಡಿದು, ಕೊಯ್ಲಾದ ಮೆಕ್ಕೆಜೋಳದ ಹೊಲಕ್ಕೆ ಇಳಿದರು. ಬೇಲಿಯ ಮೂಲೆಯಿಂದ ಹೆಜ್ಜೆ ಎಣಿಸುತ್ತಾ ಹೋಗಿ ಒಂದು ಕಡೆ ನಿಂತರು. “ನನ್ನ ಮೇಜು ಇಲ್ಲಿ, ಚಳಿಗೆ ಉರಿಸ್ತಿದ್ದ ಒಲೆ ಅಲ್ಲಿ” ಎಂದು ತೋರಿಸಿ, ಕೂಳೆಗಳ ಕಡೆ ತಿರುಗಿ ಹಾಜರಿ ಕೂಗತೊಡಗಿದರು. ಒಂದು ಹೆಸರಿಗೂ ತಡವರಿಸಲಿಲ್ಲ.

“ಆರ್ವಿಡ್ ನೈಬರ್ಗ್!”

ಅದು ತೀರಿಹೋದ ನನ್ನ ಅಪ್ಪನ ಹೆಸರು. “ಬಂದಿದ್ದೀನಿ ಟೀಚರ್,” ಎಂದು ನಾನೇ ಕೂಗಿದೆ.

“ಸುಳ್ಳು! ಅವನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ,” ಎಂದು ಅವರು ಕಣ್ಣೊರೆಸಿಕೊಂಡರು.

ಮರುವರ್ಷ ಬಿತ್ತುವಾಗ ಆ ಜಾಗ ಬಂದದ್ದೇ ಟ್ರ್ಯಾಕ್ಟರನ್ನು ಸುತ್ತುಬಳಸಿ ತಿರುಗಿಸಿದೆ. ಈಗ ಅಲ್ಲಿ ಒಂದು ಕೋಣೆಯಷ್ಟು ಅಗಲಕ್ಕೆ ಹುಲ್ಲು ಬೆಳೆದಿದೆ. ಬಿಸಿಲು ಹಿತವಾಗಿರುವ ಭಾನುವಾರಗಳಲ್ಲಿ ಟೀಚರ್ ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ.