ಐದು ಕಿರುಚು

ಕಾರು ಟೈರು ಬದಲಿಸಲು ಬಂದು ನಿಲ್ಲುವ ಕಡೆಯ ಗೋಡೆ ಸೊಂಟದೆತ್ತರವೂ ಇಲ್ಲ. ಆದರೆ ರೇಸು ನಡೆಯುವಾಗ ಅದನ್ನು ದಾಟಲು ಅನುಮತಿ ಇರುವವರು ಕೆಲವೇ ಜನ. ಬೇರೆ ಯಾರ ಕಾಲು ಆಚೆ ಬಿದ್ದರೂ ಕಾರಿಗೇ ಶಿಕ್ಷೆ. ನಾನು ಈಚೆ ನಿಂತು, ಚಕ್ರದ ನಟ್ಟು ಬಿಚ್ಚಿ ಬಿಗಿಯುವ ಗಾಳಿಗನ್ನಿನ ಕೊಳವೆ ಸಿಕ್ಕಾಗದಂತೆ ಹಿಡಿಯುವವಳು. ಆಚೆ ಹಾರುವವಳು ನನ್ನ ಮಗಳು ಟ್ವೈಲಾ. ಕಾರಿನ ಮುಂಭಾಗದ ಚಕ್ರ ಬದಲಿಸುವವನು ಮಣಿಕಟ್ಟು ಮುರಿದುಕೊಂಡಿದ್ದರಿಂದ ಅವಳಿಗೆ ಆ ಜಾಗ ಸಿಕ್ಕಿತ್ತು.

"ಇವತ್ತು ಸರಿಯಾಗಿ ಮಾಡಿದ್ರೆ ಗನ್ನು ನಿಂದೇ. ಇಲ್ದಿದ್ರೆ ಮತ್ತೆ ಟೈರು ತೊಳೆಯೋಕೆ ಹೋಗು," ಎಂದಿದ್ದ ನಮ್ಮ ಮುಖ್ಯಸ್ಥ ಡಿಲ್ಲಾರ್ಡ್.

"ತೊಳೆಯೋದ್ರಲ್ಲೂ ನನ್ನಷ್ಟು ಜೋರು ಯಾರೂ ಇಲ್ಲ ಸಾರ್."

ಜಾಕಿನಿಂದ ಕಾರನ್ನು ಎತ್ತಿ ಇಳಿಸುವ ಹೋಯ್ಟ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ನಕ್ಕ. "ಬಾಯಿ ನೋಡು! ಇವಳ ಗನ್ನಿಗೆ ಗಾಳಿನೇ ಬೇಡ."

ಹೋಯ್ಟ್ ಜಾಕು ಇಳಿಸಿದರೆ ಚಾಲಕ ಲಾನಿ ಕಾರು ಬಿಡುತ್ತಾನೆ, ಬೇರೆ ಸನ್ನೆಯಿಲ್ಲ. ಅವನು ನೋಡಿ ಇಳಿಸುವುದಿಲ್ಲ, ಕೇಳಿ ಇಳಿಸುತ್ತಾನೆ. ಚಕ್ರಕ್ಕೆ ಐದು ನಟ್ಟು, ಬಿಗಿಯುವಾಗ ಗನ್ನಿನದು ಐದು ಕಿರುಚು.

ಕೊನೆಯ ಸಲವೆಂದುಕೊಂಡು ಕಾರು ಒಳಗೆ ಬಂದಾಗ ನಾವು ಎರಡನೆಯ ಸ್ಥಾನದಲ್ಲಿದ್ದೆವು. ಬಲಗಡೆ ಮುಗಿಯಿತು, ಎಡಗಡೆಯೂ ಮುಗಿಯಿತು. ಐದನೆಯ ಕಿರುಚಿಗೆ ಜಾಕು ಇಳಿಯಿತು. ಕಾರು ಎಲ್ಲರಿಗಿಂತ ಮುಂದೆ ಹೊರಬಿತ್ತು. ಹುಡುಗರು ಕುಣಿದರು.

ಟ್ವೈಲಾ ಗೋಡೆ ದಾಟಿ ಬಂದವಳು ಕುಣಿಯಲಿಲ್ಲ. ಗನ್ನಿನ ಬಾಯನ್ನೇ ನೋಡುತ್ತಿದ್ದಳು.

"ಅಮ್ಮಾ, ಎಡ ಚಕ್ರದಲ್ಲಿ ಒಂದೇ ನಟ್ಟಿಗೆ ಎರಡು ಸಲ ಹೊಡೆದು ಇನ್ನೊಂದನ್ನ ಬಿಟ್ಟೆ ಅನ್ಸುತ್ತೆ."

"ಅನ್ಸುತ್ತೋ, ಗೊತ್ತೋ?"

"ಕೈಗೆ ಗೊತ್ತು."

ನಾಲ್ಕು ನಟ್ಟಿನಲ್ಲೇ ಓಡಿ ಗೆದ್ದ ಕಾರುಗಳಿವೆ. ಚಕ್ರ ಕಳಚಿ ಗೋಡೆಗೆ ಅಪ್ಪಳಿಸಿದವೂ ಇವೆ. ಅಷ್ಟರಲ್ಲಿ ಕಿವಿಗಿಟ್ಟ ರೇಡಿಯೊದಲ್ಲಿ ಲಾನಿಯ ದನಿ: "ಬೆಣ್ಣೆ ಥರ ಓಡ್ತಿದೆ ಕಣ್ರೋ!"

"ನಾನು ಹೇಳ್ಲಾ ಮಗಳೇ?"

"ಬೇಡಮ್ಮ. ಹೊಡೆದೋಳು ನಾನು."

ಅವಳು ಡಿಲ್ಲಾರ್ಡನ ತೋಳು ಹಿಡಿದು ವಿಷಯ ಹೇಳಿದಳು. ಅವನ ಮುಖ ಬಿಳಿಚಿತು. "ಮುಂದಿದೀವಿ ಕಣೇ! ಖಂಡಿತಾನಾ?"

"ಅವನನ್ನ ಒಳಗೆ ಕರೀರಿ ಸಾರ್."

ಕಾರು ನಮ್ಮ ಮುಂದೆಯೇ ಹಾದುಹೋಯಿತು. ಡಿಲ್ಲಾರ್ಡ್ ತುಟಿ ಕಚ್ಚಿ ನಿಂತಿದ್ದ. ಅದು ತಿರುವಿಗೆ ಹೋಗುವಾಗ ನಾನು ಆ ಎಡ ಚಕ್ರವನ್ನೇ ನೋಡಿದೆ. ಕೊನೆಗೆ ಅವನು, "ಲಾನಿ, ಒಳಗೆ ಬಾ," ಎಂದ.

ಒಂದು ನಟ್ಟು ಬೆರಳಿಗೇ ತಿರುಗಿತು. ಅದರ ಪಕ್ಕದ್ದೂ ಸಡಿಲಗೊಳ್ಳತೊಡಗಿತ್ತು. ಬಿಗಿದು ಕಳಿಸುವಷ್ಟರಲ್ಲಿ ನಾವು ಒಂದು ಸುತ್ತು ಹಿಂದೆ ಬಿದ್ದಿದ್ದೆವು.

ಸ್ವಲ್ಪ ಹೊತ್ತಿಗೆ ಯಾವುದೋ ಕಾರು ಹಾದಿಗೆ ಎಣ್ಣೆ ಚೆಲ್ಲಿ, ಎಲ್ಲರೂ ನಿಧಾನಿಸಬೇಕೆಂದು ಹಳದಿ ಬಾವುಟ ಬೀಸಿದರು. ಟೈರು ಬದಲಿಸಲು ಇನ್ನೊಂದು ಅವಕಾಶ. ಡಿಲ್ಲಾರ್ಡ್ ಬದಲಿ ಆಳಿನ ಕಡೆ ತಿರುಗಿದ. "ಬಕ್, ಗನ್ನು ತಗೋ."

ಟ್ವೈಲಾ ಗನ್ನು ಚಾಚಿದಳು. ಹೋಯ್ಟ್ ಜಾಕನ್ನು ಧಡ್ಡನೆ ಗೋಡೆಯ ಮೇಲಿಟ್ಟ.

"ಹಂಗಾದ್ರೆ ಇದನ್ನೂ ಯಾರಾದ್ರೂ ತಗೊಳ್ಳಿ. ಐದು ಎಣಿಸಿ ಇಳಿಸಿದೋನು ನಾನು. ನನಗೆ ಗೊತ್ತಾಗ್ಲೇ ಇಲ್ಲ, ಅವಳಿಗೆ ಗೊತ್ತಾಯ್ತು. ಬಕ್‌ಗೆ ಗೊತ್ತಾದ್ರೆ ಹೇಳ್ತಾನಾ?"

ಬಕ್ ತನ್ನ ಬೂಟು ನೋಡಿಕೊಂಡ. ಕಾರು ಆಗಲೇ ನಮ್ಮ ಕಡೆ ತಿರುಗಿತ್ತು.

"ಹಾರು ಹುಡುಗಿ!" ಎಂದು ಡಿಲ್ಲಾರ್ಡ್ ಕಿರುಚಿದ.

ಹಾರಿದಳು. ನನ್ನ ಕೈಯೊಳಗಿಂದ ಕೊಳವೆ ಸರಸರನೆ ಜಾರಿತು. ಬಲಗಡೆ, ಆಮೇಲೆ ಎಡಗಡೆ. ಐದು ಕಿರುಚೂ ಮುಗಿದವು. ಹೋಯ್ಟ್ ಈ ಸಲ ಜಾಕು ಇಳಿಸಲಿಲ್ಲ, ಅವಳನ್ನೇ ನೋಡುತ್ತಿದ್ದ. ಪಕ್ಕದ ಕಾರು ಹೊರಟುಹೋಯಿತು. ಟ್ವೈಲಾ ಐದೂ ನಟ್ಟುಗಳ ಮೇಲೆ ಕಣ್ಣಾಡಿಸಿ ಕೈ ಎತ್ತಿದಳು.

ಆಮೇಲೇ ಅವನು ಕಾರನ್ನು ನೆಲಕ್ಕಿಳಿಸಿದ.