ಸ್ಪೀಕರ್ ಫೋನಿನಲ್ಲಿ ಕ್ಷೇಮ

ಆಸ್ಪತ್ರೆಯಲ್ಲಿ ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಫೋನ್ ಮಾಡಿ ಜನ ಹೇಗಿದ್ದಾರೆ ಎಂದು ವಿಚಾರಿಸುವುದು ಎನ್ನುತ್ತೇನೆ. ಇದೂ ಒಂದು ಕೆಲಸವಾ ಎಂಬಂತೆ ನೋಡುತ್ತಾರೆ. ನೋಡಲಿ. ವಾರ್ಡಿನಲ್ಲಿ ನರ್ಸಾಗಿ ಓಡಾಡಿ ಓಡಾಡಿ ಮಂಡಿ ಕೈಕೊಟ್ಟ ಮೇಲೆ ನನ್ನನ್ನು ಸಂಶೋಧನಾ ವಿಭಾಗದಲ್ಲಿ ಕಿಟಕಿ ಪಕ್ಕದ ಮೇಜಿಗೆ ಕೂರಿಸಿದರು. ಒಂದು ಫೋನು, ಒಂದು ಕಂಪ್ಯೂಟರು, ಕುಂಟುವ ಒಂದು ಕುರ್ಚಿ. ಕುರ್ಚಿಗೂ ನನಗೂ ಚೆನ್ನಾಗಿ ಹೊಂದಿಕೆಯಾಗಿದೆ.

ಮೇಜು ಒಂದಾದರೂ ಅಧ್ಯಯನ ಎರಡು. ಮೊದಲನೆಯದು ಲಿಂಫೋಮಾದ್ದು. ಕತ್ತು, ಕಂಕುಳು, ತೊಡೆಸಂದಿಯಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್ ಅದು. ಚಿಕಿತ್ಸೆ ಮುಗಿಸಿ ಮನೆಗೆ ಹೋದವರಲ್ಲಿ ಯಾರು ಚೆನ್ನಾಗಿದ್ದಾರೆ, ಯಾರಿಗೆ ರೋಗ ಮರಳಿತು ಎಂದು ಗೊತ್ತಾದರೆ ಮುಂದೆ ಬರುವವರಿಗೆ ಯಾವ ಔಷಧಿ ಎಂದು ತೀರ್ಮಾನಿಸಲು ದಾರಿಯಾಗುತ್ತದೆ. ಎರಡನೆಯದು ಮೇಲಿನ ಮಹಡಿಯ ಮೆದುಳಿನ ವಿಭಾಗದ್ದು. ಕೆಲವರ ಮೆದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ ಗುಳ್ಳೆಯ ಹಾಗೆ ಉಬ್ಬಿರುತ್ತದೆ. ಅದಕ್ಕೆ ಅನ್ಯೂರಿಸಂ ಅನ್ನುತ್ತಾರೆ. ಒಡೆದರೆ ಪ್ರಾಣಕ್ಕೇ ಸಂಚಕಾರ. ಆದರೆ ತೀರಾ ಚಿಕ್ಕದಾಗಿದ್ದರೆ ಎಷ್ಟೋ ಸಲ ಅದರ ತಂಟೆಗೆ ಹೋಗದೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಣ್ಣಿಟ್ಟಿರುತ್ತಾರೆ. ಹೀಗೆ ಕಣ್ಣಿಟ್ಟವರು ಹೇಗಿದ್ದಾರೆ ಎಂದು ಕೇಳುವುದೂ ನಾನೇ.

ಎರಡು ಅಧ್ಯಯನಕ್ಕೂ ಸೇರಿದ ಮನೆ ನನಗೆ ಗೊತ್ತಿದ್ದಂತೆ ಒಂದೇ. ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಟೈಲರಮ್ಮ. ಮೇಷ್ಟ್ರು ಲಿಂಫೋಮಾ ವಾಸಿಮಾಡಿಕೊಂಡು ಹೋಗಿ, ಮತ್ತೆ ಕ್ಲಚ್ಚು, ಬ್ರೇಕು ಎಂದು ಕೂಗಾಡಲು ಶುರುಮಾಡಿದ್ದರು. ಆಗ ಟೈಲರಮ್ಮನಿಗೆ ತಲೆನೋವು ಬಂದು ಸ್ಕ್ಯಾನ್ ಮಾಡಿಸಿದರೆ ಗುಳ್ಳೆ ಕಾಣಿಸಿತು. ಬಹಳ ಚಿಕ್ಕದು. ಕಾದು ನೋಡೋಣ ಎಂದರು ಡಾಕ್ಟರು. ವಿಧಿಗೆ ಬೇರೆ ಮನೆ ಸಿಗಲಿಲ್ಲವಾ ಎಂದು ನಾನು ಸಿಡಿಮಿಡಿಗೊಂಡಿದ್ದೆ. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತಿನದಕ್ಕೆ ಕಾರಣವಿತ್ತು.

ಮೇಷ್ಟ್ರಿಗೆ ಕಿವಿ ಮಂದ. ಹಾಗಾಗಿ ನಾನು ಫೋನ್ ಮಾಡಿದಾಗಲೆಲ್ಲ ಸ್ಪೀಕರ್ ಹಾಕುತ್ತಿದ್ದರು. ಹಿಂದೆ ಹೊಲಿಗೆ ಮಿಷನ್ನಿನ ಸದ್ದು ನಿಂತರೆ ಟೈಲರಮ್ಮ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ.

“ಜ್ವರ ಬರುತ್ತಾ ಮೇಷ್ಟ್ರೇ?”

“ಇಲ್ಲ ಸಿಸ್ಟರ್.”

“ರಾತ್ರಿ ಮೈಯೆಲ್ಲ ಬೆವರಿ ಬಟ್ಟೆ ಒದ್ದೆ ಆಗೋದು?”

“ಏನೂ ಇಲ್ಲ.”

“ಎಲ್ಲಾದ್ರೂ ಗಂಟು?”

“ಯಾವ ಗಂಟೂ ಇಲ್ಲ ಸಿಸ್ಟರ್. ಇದ್ದಿದ್ರೆ ಸ್ವಂತ ಕಾರು ತಗೋತಿದ್ದೆ.”

ಹಿಂದಿನಿಂದ ಟೈಲರಮ್ಮ, “ನೆಟ್ಟಗೆ ಉತ್ತರ ಹೇಳ್ರೀ” ಎಂದು ಗದರುತ್ತಿದ್ದರು. ನಾನು ನಗುತ್ತ ಕ್ಷೇಮ ಎಂದು ದಾಖಲಿಸುತ್ತಿದ್ದೆ. ಆಮೇಲೆ ಫೋನು ಆಕೆಯ ಕೈಗೆ ಹೋಗುತ್ತಿತ್ತು. ತಲೆನೋವು, ಬಿಪಿ ಮಾತ್ರೆ, ಕಣ್ಣು ಮಂಜಾಗುವುದು, ಎಲ್ಲ ಕೇಳುತ್ತಿದ್ದೆ. ಒಂದೇ ಕರೆಯಲ್ಲಿ ಎರಡು ಕೆಲಸ ಮುಗಿಯಿತೆಂದು ಖುಷಿಪಡುತ್ತಿದ್ದೆ.

ಒಂದು ಮಧ್ಯಾಹ್ನ ಫೋನ್ ಮಾಡಿದಾಗ ಟೈಲರಮ್ಮನೇ ಎತ್ತಿಕೊಂಡರು. ಮೇಷ್ಟ್ರು ಮೊಬೈಲು ಮನೆಯಲ್ಲೇ ಮರೆತು ಕಾರು ಕಲಿಸಲು ಹೋಗಿದ್ದರು.

“ಹೇಗಿದಾರೆ ನಿಮ್ಮನೆಯವರು?” ಎಂದೆ, ಮಾತಿಗೆ.

“ಅವರಿಗೇನು, ದೇವರಂಥ ಮನುಷ್ಯ ಆಗೋಗಿದಾರೆ,” ಎಂದರು. ದನಿಯಲ್ಲಿ ಹೊಗಳಿಕೆ ಇರಲಿಲ್ಲ. “ನಾನು ಏನಂದ್ರೂ ಹ್ಞೂಂ ಅಂತಾರೆ. ಸಾರಿಗೆ ಉಪ್ಪಿಲ್ದಿದ್ರೂ ಚೆನ್ನಾಗಿದೆ ಅಂತಾರೆ. ಗೊರಕೆಯಿಂದ ನಿನ್ನ ನಿದ್ದೆ ಕೆಡುತ್ತೆ ಅಂತ ಹಾಲ್‌ನಲ್ಲಿ ಮಲಗ್ತಾರೆ. ಬೆಳಿಗ್ಗೆ ನಾನು ಏಳೋ ಅಷ್ಟರಲ್ಲಿ ತಮ್ಮ ಹೊದಿಕೆ, ದಿಂಬಿನ ಕವರು ಎಲ್ಲ ಒಗೆದು ಹಾಕಿರ್ತಾರೆ. ದಿನಾ. ಒಂದು ಕರ್ಚೀಫು ಒಗೆದವರಲ್ಲ ಸಿಸ್ಟರ್ ಅವರು. ಯಾಕ್ರೀ ಅಂದ್ರೆ, ನೀನು ಭಾರ ಎತ್ತಬಾರದಲ್ಲ ಅಂತಾರೆ.”

ನನ್ನ ಕಿವಿ ನೆಟ್ಟಗಾಯಿತು. ದಿನಾ ಬೆಳಿಗ್ಗೆ ಹೊದಿಕೆ ಒಗೆಯುವ ಗಂಡಸು ಒಳ್ಳೆಯವನಿರಬಹುದು. ಆದರೆ ಆ ಗಂಡಸಿಗೆ ಹಿಂದೆ ಲಿಂಫೋಮಾ ಆಗಿತ್ತು ಎಂದಾದರೆ ನನ್ನಂಥವಳಿಗೆ ಹೊಳೆಯುವುದು ಬೇರೆಯೇ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರುವುದು ರೋಗ ಮರಳಿದ್ದರ ಲಕ್ಷಣವಿರಬಹುದು. ದನಿ ಬದಲಾಗದಂತೆ ನೋಡಿಕೊಂಡು, ಮೇಷ್ಟ್ರು ಬಂದಮೇಲೆ ಹೊರಗಡೆ ಹೋದಾಗ ಒಂದು ಫೋನ್ ಮಾಡಲು ಹೇಳಿ ಎಂದೆ. ಮನೆಯೊಳಗೆ ಸಿಗ್ನಲ್ ಸರಿ ಬರುತ್ತಿಲ್ಲ ಎಂದು ಸೇರಿಸಿದೆ. ಆ ಮೇಜಿನ ಮುಂದೆ ಕೂತು ನಾನು ಹೇಳಿದ ಮೊದಲ ಸುಳ್ಳು ಅದು.

ಮೇಷ್ಟ್ರು ಮರುದಿನ ಮಾಡಿದರು. ಕಾರು ಕಲಿಸುವ ಮೈದಾನದಿಂದ. ಹಿಂದೆ ಯಾರೋ ಗೇರು ಬದಲಿಸಲು ಹೋಗಿ ಗರಗರ ಎನ್ನಿಸುತ್ತಿದ್ದುದು ಕೇಳುತ್ತಿತ್ತು.

“ಹೊದಿಕೆ ಯಾಕೆ ಒಗೀತೀರಿ ಮೇಷ್ಟ್ರೇ?” ಎಂದು ನೇರವಾಗಿ ಕೇಳಿದೆ.

ಅವರು ಕಾರಿನಿಂದ ದೂರ ಸರಿದರೇನೋ, ಗೇರಿನ ಸದ್ದು ಕ್ಷೀಣವಾಯಿತು.

“ಅವಳಿಗೆ ಗೊತ್ತಾಯ್ತಾ?” ಎಂದರು.

“ಇಲ್ಲ. ನನಗೆ ಗೊತ್ತಾಯ್ತು.”

ಆಮೇಲೆ ಎಲ್ಲ ಹೊರಬಂತು. ಬೆವರು ಶುರುವಾಗಿ ತಿಂಗಳುಗಳಾಗಿದ್ದವು. ಬೆಲ್ಟಿಗೆ ಹೊಸ ತೂತು ಹೊಡೆಸಿದ್ದರು. ಕತ್ತಿನ ಬುಡದಲ್ಲಿ, ಶರ್ಟಿನ ಕಾಲರಿನ ಒಳಗೆ, ಒಂದು ಗಂಟು ಎದ್ದಿತ್ತು. ನೋವಿಲ್ಲ, ಆದ್ದರಿಂದ ಅವಸರವಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

“ನಾನು ಕೇಳಿದಾಗಲೆಲ್ಲ ಇಲ್ಲ ಇಲ್ಲ ಅಂದ್ರಲ್ಲ?” ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಅವಳು ಪಕ್ಕದಲ್ಲೇ ಇರ್ತಾಳಲ್ಲ ಸಿಸ್ಟರ್. ಹ್ಞೂಂ ಬೆವರುತ್ತೆ, ಗಂಟಿದೆ ಅಂತ ಅವಳೆದುರಿಗೆ ಹೇಳ್ಲಾ? ಅವಳ ತಲೇಲಿ ಆ ಗುಳ್ಳೆ ಇದೆ. ಯಾವ ಕಾರಣಕ್ಕೂ ಟೆನ್ಷನ್ ತಗೋಬೇಡಿ ಅಂತ ಡಾಕ್ಟ್ರು ಹೇಳಿ ಕಳ್ಸಿದಾರೆ. ನನ್ನ ಸುದ್ದಿ ಕೇಳಿ ಅದು ಒಡೆದ್ರೆ? ನಾನು ಹೋದ್ರೆ ಕಾಯಿಲೆಯಿಂದ ಹೋದೆ ಅಂತಾಗುತ್ತೆ. ಅವಳು ಹೋದ್ರೆ ನನ್ನಿಂದ ಹೋದ್ಲು ಅಂತ ಆಗಲ್ವಾ?”

ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ನಾನು ಕೇಳಿದ ಪ್ರಶ್ನೆಗಳಲ್ಲಿ ತಪ್ಪಿರಲಿಲ್ಲ, ಕೇಳಿದ ರೀತಿಯಲ್ಲಿ ತಪ್ಪಿತ್ತು. ಹೆಂಡತಿ ಕೇಳಿಸಿಕೊಳ್ಳುತ್ತಿರುವಾಗ ಯಾವ ಗಂಡ ನಿಜ ಹೇಳುತ್ತಾನೆ?

ಇನ್ನು ಆ “ಟೆನ್ಷನ್ ತಗೋಬೇಡಿ” ಎಂಬ ಮಾತು. ಡಾಕ್ಟರುಗಳು ಅದನ್ನು ಬಂದವರಿಗೆಲ್ಲ, ಬಾಗಿಲಿನವರೆಗೆ ಕಳಿಸಿಕೊಡುವ ಮರ್ಯಾದೆಗೆ ಹೇಳುತ್ತಾರೆ. ಹೇಳಿದವರು ಅಲ್ಲೇ ಮರೆಯುತ್ತಾರೆ. ಈ ಮನುಷ್ಯ ಅದನ್ನು ಮನೆಗೆ ಒಯ್ದು, ತನ್ನ ಕಾಯಿಲೆಯನ್ನು ಅದರಡಿ ಮುಚ್ಚಿಟ್ಟು ಕೂತಿದ್ದರು.

“ನಾಳೆನೇ ಬನ್ನಿ. ಗಂಟಿಗೆ ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆ ಮಾಡ್ಬೇಕು,” ಎಂದೆ.

“ಅವಳಿಗೆ ಹೇಳದೆ ಹೇಗೆ ಬರ್ಲಿ? ಹೇಳೋಕೆ ಧೈರ್ಯ ಇಲ್ಲ.”

“ಹಾಗಾದ್ರೆ ಏನ್ಮಾಡ್ತೀರಿ?”

“ಅವಳ ಸ್ಕ್ಯಾನ್ ಬರುತ್ತಲ್ಲ, ಆಗ ನೋಡೋಣ.”

ಅದು ಬರಲು ಇನ್ನೂ ತಿಂಗಳುಗಳಿದ್ದವು. ಅಷ್ಟು ದಿನ ಆ ಗಂಟು ಕೈಕಟ್ಟಿ ಕೂತಿರುವುದಿಲ್ಲ.

ಮೊದಲು ಕ್ಯಾನ್ಸರ್ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ರೋಗ ಮರಳಿದ್ರೂ ಚಿಕಿತ್ಸೆಗೆ ದಾರಿ ಇದೆ. ಆದ್ರೆ ಕಾಯ್ತಾ ಕೂತ್ರೆ ಆ ದಾರೀನೂ ಕಿರಿದಾಗುತ್ತೆ. ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ,” ಎಂದರು. ನಂತರ ಮೆಲ್ಲಗೆ, “ಇನ್ನೆಷ್ಟು ಜನ ಹೀಗೆ ಸುಮ್ಮನೆ ಚೆನ್ನಾಗಿದೀವಿ ಅಂದಿದಾರೋ,” ಎಂದರು.

ಅಲ್ಲಿಂದ ಮೇಲಿನ ಮಹಡಿಗೆ. ಲಿಫ್ಟ್ ಕೆಟ್ಟಿತ್ತು. ಮಂಡಿಗೂ ಮೆಟ್ಟಿಲಿಗೂ ಶಾಪ ಹಾಕುತ್ತ ಹತ್ತಿದೆ.

“ಟೈಲರಮ್ಮನಿಗೆ ಟೆನ್ಷನ್ ತಗೋಬೇಡಿ ಅಂದಿದ್ರಾ ಸರ್?” ಎಂದು ಮೆದುಳಿನ ಡಾಕ್ಟರನ್ನು ಕೇಳಿದೆ.

“ಎಲ್ಲರಿಗೂ ಅಂತೀನಲ್ಲ.”

ವಿಷಯ ಹೇಳಿದೆ. ಅವರ ಮುಖ ಪೆಚ್ಚಾಯಿತು. ಒಳ್ಳೆಯ ಹುಡುಗ, ಆ ಡಾಕ್ಟರು. ವಾದಕ್ಕೆ ಇಳಿಯಲಿಲ್ಲ.

“ನಾನು ಹೇಳಿದ್ದು ಬಿಪಿ ಹತೋಟೀಲಿ ಇಟ್ಕೊಳ್ಳಿ ಅನ್ನೋ ಅರ್ಥದಲ್ಲಿ. ಕೆಟ್ಟ ಸುದ್ದಿ ಕೇಳಿದ್ರೆ ಒಡೆಯೋದೇ ಇಲ್ಲ ಅಂತ ಯಾರೂ ಬರೆದುಕೊಡೋಕೆ ಆಗಲ್ಲ ಸಿಸ್ಟರ್. ಆದ್ರೆ ಅಷ್ಟು ಚಿಕ್ಕದು ಒಡೆಯೋದು ತುಂಬ ಅಪರೂಪ. ಆ ಹೆದರಿಕೆಗೆ ಗಂಡನ ಚಿಕಿತ್ಸೆ ನಿಲ್ಲಿಸೋದು ತಪ್ಪು. ಸ್ಕ್ಯಾನ್ ಈ ವಾರವೇ ಮಾಡೋಣ. ಬೆಳೆದಿಲ್ಲ ಅಂತ ಗೊತ್ತಾದ್ರೆ ಅವರಿಗೂ ಧೈರ್ಯ ಬರುತ್ತೆ.”

ಡಾಕ್ಟರು ಹೇಳಿದ್ದನ್ನು ತಿಳಿಸಿದ ಮೇಲೆ ಮೇಷ್ಟ್ರು ಒಪ್ಪಿದರು, ಆದರೆ ಷರತ್ತು ಹಾಕಿ. ಸುದ್ದಿ ಹೇಳುವುದು ಆಸ್ಪತ್ರೆಯಲ್ಲೇ ಆಗಬೇಕು. ಮೆದುಳಿನ ಡಾಕ್ಟರು ಎದುರಿಗೇ ಇರಬೇಕು. ಬಿಪಿ ಮಿಷನ್ನು ಹೆಂಡತಿಯ ತೋಳಿಗೆ ಕಟ್ಟಿರಬೇಕು. “ಏನಾದ್ರೂ ಆದ್ರೆ ಇಲ್ಲೇ ಹಿಡ್ಕೋಬಹುದಲ್ಲ,” ಎಂದರು. ಕಲಿಯುವವರ ಪಕ್ಕದಲ್ಲಿ ಕೂತು ಕಾಲಡಿ ಇನ್ನೊಂದು ಬ್ರೇಕು ಇಟ್ಟುಕೊಳ್ಳುವವರ ಬುದ್ಧಿ. ನಗು ಬಂತು, ಆದರೆ ನಗಲು ಮನಸ್ಸಾಗಲಿಲ್ಲ.

ಸ್ಕ್ಯಾನ್ ಆಯಿತು. ಸಣ್ಣ ಕೋಣೆ, ಗೋಡೆಯ ಮೇಲೆ ಮೆದುಳಿನ ಬಣ್ಣದ ಚಿತ್ರ, ನಾಲ್ಕು ಕುರ್ಚಿ. ಡಾಕ್ಟರು ಪರದೆ ತಿರುಗಿಸಿ ತೋರಿಸಿ, “ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ ಅಮ್ಮ, ಕೂದಲೆಳೆಯಷ್ಟೂ ಬೆಳೆದಿಲ್ಲ,” ಎಂದರು. ಟೈಲರಮ್ಮ ಒಳ್ಳೇದಾಯ್ತು ಎಂದು ಏಳಲು ನೋಡಿದರೆ ತೋಳಿನ ಪಟ್ಟಿ ಬಿಡಲಿಲ್ಲ.

“ಇದ್ಯಾಕೆ ಇನ್ನೂ ಬಿಚ್ಚಿಲ್ಲ?”

ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಬಿಪಿ ಮಿಷನ್ನಿನ ಅಂಕಿಯನ್ನೇ ನೋಡುತ್ತಿದ್ದರು. ಹಣೆಯಲ್ಲಿ ಬೆವರು ಮೂಡಿತ್ತು.

“ಲೇ, ನೀನು ಟೆನ್ಷನ್ ತಗೋಬಾರದು,” ಎಂದು ಶುರುಮಾಡಿದರು.

“ಈ ಮಾತು ಕೇಳಿ ಕೇಳೀನೇ ನನಗೆ ಟೆನ್ಷನ್ನು. ಏನದು ಹೇಳಿ.”

“ಅದು... ನನ್ನದು. ಮತ್ತೆ ಬಂದಿರ್ಬೇಕು ಅನ್ಸುತ್ತೆ.”

ನಾನು ಗುಂಡಿ ಒತ್ತಿದೆ. ಪಟ್ಟಿ ಗಾಳಿ ತುಂಬಿಕೊಂಡು ಬಿಗಿಯಿತು. ಅಂಕಿ ಏರಿತು, ತುಸು ನಿಂತಿತು, ಇಳಿಯತೊಡಗಿತು. ಮೇಷ್ಟ್ರು, ಡಾಕ್ಟರು, ನಾನು, ಮೂವರೂ ಆ ಅಂಕಿಯನ್ನೇ ನೋಡುತ್ತಿದ್ದೆವು. ಟೈಲರಮ್ಮ ಮಾತ್ರ ಗಂಡನ ಮುಖ ನೋಡುತ್ತಿದ್ದರು.

“ಸ್ವಲ್ಪ ಏರಿದೆ, ಅಷ್ಟೇ. ಯಾರಿಗಾದ್ರೂ ಏರುತ್ತೆ,” ಎಂದರು ಡಾಕ್ಟರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

“ಯಾವಾಗಿಂದ?” ಎಂದರು ಟೈಲರಮ್ಮ.

ಮೇಷ್ಟ್ರು ಹೇಳಿದರು. ಬೆವರು, ಹೊದಿಕೆ, ಬೆಲ್ಟು, ಎಲ್ಲ.

“ಅದಕ್ಕೇ ಹಾಲ್‌ನಲ್ಲಿ ಮಲಗಿದ್ದಾ?”

“ಹ್ಞೂಂ.”

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಹಗುರವಾಗುತ್ತಿತ್ತೇನೋ. “ನನ್ನ ತಲೇಲಿ ಇದು ಸಿಕ್ಕಿದ ದಿನದಿಂದ ನೀವು ನನ್ನ ಜೊತೆ ಒಂದು ಜಗಳ ಆಡಿಲ್ಲ,” ಎಂದರು. “ಮದುವೆಯಾದಾಗಿಂದ ದಿನಾ ಕಿತ್ತಾಡಿದವರು ನಾವು. ಇದ್ದಕ್ಕಿದ್ದ ಹಾಗೆ ಹ್ಞೂಂ, ಆಯ್ತು, ಸರಿ. ಹಾಸಿಗೇನೂ ಬೇರೆ. ನಾನು ಏನಂದ್ಕೊಂಡಿದ್ದೆ ಗೊತ್ತಾ? ಹೇಗಿದ್ರೂ ಸಾಯೋಳು ಅಂತ ನನ್ನ ಲೆಕ್ಕ ಬಿಟ್ಟುಬಿಟ್ರು, ಇನ್ನು ಇವಳ ಜೊತೆ ಏನು ಮಾತು ಅಂತ ದೂರ ಆದ್ರು ಅಂದ್ಕೊಂಡಿದ್ದೆ. ಮಿಷನ್ ಮುಂದೆ ಕೂತು ಎಷ್ಟು ಅತ್ತಿದೀನೋ.”

ಹೆಂಡತಿಗೆ ಒಂದು ಹನಿ ನೋವೂ ತಾಕಬಾರದೆಂದು ಇಷ್ಟೆಲ್ಲ ಮಾಡಿದವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿರಲಾರದು. ಡಾಕ್ಟರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

“ನಿನಗೇನಾದ್ರೂ ಆದ್ರೆ ಅಂತ...” ಎಂದರು ಮೇಷ್ಟ್ರು, ಕೊನೆಗೆ.

“ಸಿಸ್ಟರ್,” ಎಂದು ಟೈಲರಮ್ಮ ನನ್ನ ಕಡೆ ತೋಳು ಚಾಚಿದರು. “ಇದನ್ನ ಬಿಚ್ಚಿ. ನನಗೆ ಕೈ ಬೇಕು.”

ಬಿಚ್ಚಿದೆ. ಮೇಷ್ಟ್ರ ಕೆನ್ನೆಗೆ ಒಂದು ಬಿಗಿಯುತ್ತಾರೆ, ಬಿಗಿಯಲಿ ಎಂದುಕೊಂಡೆ. ಆಕೆ ಕುರ್ಚಿಯನ್ನು ಗಂಡನ ಹತ್ತಿರಕ್ಕೆ ಎಳೆದುಕೊಂಡು ಕೂತರು.

“ಎಲ್ಲಿ, ತೋರಿಸಿ.”

ಮೇಷ್ಟ್ರು ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಕತ್ತು ಬಾಗಿಸಿದರು. ಜೀವನವಿಡೀ ಬಟ್ಟೆಯ ಹೊಲಿಗೆಗಳನ್ನು ಮುಟ್ಟಿ ನೋಡಿದ ಬೆರಳುಗಳು ಕಾಲರಿನ ಒಳಗೆ ಮೆಲ್ಲಗೆ ಹುಡುಕಿ, ಒಂದು ಕಡೆ ನಿಂತವು. ಅಲ್ಲಿಂದ ಕದಲಲಿಲ್ಲ.

“ಇಷ್ಟು ದಿನ ಇದನ್ನ ಒಬ್ಬರೇ ಮುಟ್ಟಿ ಮುಟ್ಟಿ ನೋಡ್ಕೋತಿದ್ರಾ?” ಎಂದರು.

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.