ಕುತ್ನಾ ಹೋರಾದಲ್ಲಿ ಶ್ರೀಮತಿ ಲೆಹ್ನರ್

ಕತ್ತಿನ ಹಿಂದೆ ಕ್ಷೌರದ ಗೆರೆ ಇನ್ನೂ ಕೆಂಪಗಿದೆ, ನಿನ್ನೆ ಸಂಜೆ ಮಾಡಿಸಿಕೊಂಡಿರಬೇಕು, ಎಡಗಿವಿಯ ಕೆಳಗೆ ಆ ಮಚ್ಚೆ, ಆಗ ಎಳ್ಳಿನಷ್ಟಿತ್ತು, ಈಗ ಮೆಣಸಿನ ಕಾಳಿನಷ್ಟಾಗಿದೆ, ಮಚ್ಚೆಯೂ ಮನುಷ್ಯನ ಜೊತೆಗೇ ಬೆಳೆಯುತ್ತದೆ ಎನ್ನುವುದು ಯಾರ್ಮಿಲಾಗೆ ಗೊತ್ತಿರಲಿಲ್ಲ, ಗೊತ್ತಾಗುವಷ್ಟು ಕಾಲ ಅವಳು ಅದನ್ನು ನೋಡಿರಲಿಲ್ಲ — ಐದೇ ವರ್ಷ, ಆಮೇಲೆ ಮೂವತ್ತೆರಡು ವರ್ಷ ಏನೂ ಇಲ್ಲ, ಈಗ ಈ ಕಾರಿನ ಹಿಂದಿನ ಸೀಟು, ಮಗನ ಕತ್ತು, ಕಿಟಕಿಯಾಚೆ ಓಡುವ ಹಳದಿ ಹೂವಿನ ಹೊಲಗಳು. ಮುಂದೆ ಕೂರಬೇಕೆಂದಿದ್ದಳು, ರಾತ್ರಿಯಿಡೀ ಅದನ್ನೇ ಅಂದುಕೊಂಡಿದ್ದಳು, ಪಕ್ಕದಲ್ಲಿ ಕೂತರೆ ಮಾತು ತಾನಾಗಿ ಬಂದೀತು ಎಂದು, ಆದರೆ ಪ್ರಾಗಿನ ಹೋಟೆಲಿನ ಮುಂದೆ ಅವನು ಕಾರಿನಿಂದಿಳಿದು, ಶ್ರೀಮತಿ ಲೆಹ್ನರ್ ಅಲ್ವಾ, ನಾನು ವೀತ್, ಇವತ್ತಿನ ನಿಮ್ಮ ಗೈಡು, ಎಂದು ಕೈಚಾಚಿ, ಹಿಂದಿನ ಬಾಗಿಲನ್ನೇ ತೆರೆದು ಹಿಡಿದ. ಬೆಚ್ಚನೆಯ ಒಣ ಕೈ, ಹಿಡಿದಷ್ಟೇ ಬೇಗ ಬಿಟ್ಟ ಕೈ. ಗುರುತು ಸಿಕ್ಕಿತೇ? ಸಿಕ್ಕಿದ್ದರೆ ಮುಖದಲ್ಲಿ ಏನಾದರೂ ಅಲುಗಬೇಕಿತ್ತು, ಅಲುಗಲಿಲ್ಲ, ಅರವತ್ತು ದಾಟಿದ, ಕೂದಲು ನೆರೆತ ಆಸ್ಟ್ರಿಯಾದ ಹೆಂಗಸೊಬ್ಬಳನ್ನು ಕಂಡಂತೆ ಕಂಡ, ಅಷ್ಟೇ. ಲೆಹ್ನರ್ ಸುಳ್ಳು ಹೆಸರಲ್ಲ, ಲಿಂಟ್ಸ್‌ನಲ್ಲಿ ಕಟ್ಟಿಕೊಂಡ ಗಂಡನ ಹೆಸರು, ಅವನೂ ಹೋದ ಚಳಿಗಾಲದಲ್ಲಿ ತೀರಿಕೊಂಡ, ಆಮೇಲೆ ಒಂದು ದಿನ ಸುಮ್ಮನೆ ಕೂತವಳು ಕಂಪ್ಯೂಟರಿನಲ್ಲಿ ಹಳೆಯ ಊರಿನ ಹೆಸರು ಒತ್ತಿದಳು, ಎದ್ದು ಬಂತು ಆ ಮುಖ, ಎಂದೋ ತೀರಿಹೋದ ಮೊದಲ ಗಂಡ ಮಿಲೋಷನದೇ ಹಣೆ, ತನ್ನದೇ ಗಲ್ಲ, ಕೆಳಗೆ ಬರೆದಿತ್ತು, ಇಲ್ಲೇ ಹುಟ್ಟಿ ಬೆಳೆದವನ ಜೊತೆ ಕುತ್ನಾ ಹೋರಾದಲ್ಲಿ ಒಂದು ದಿನ. ಹುಟ್ಟಿ ಬೆಳೆದವನು. ಹೆತ್ತವಳು ಆ ಅಕ್ಷರಗಳನ್ನು ಮೂರು ತಿಂಗಳು ಓದಿದಳು, ಆಮೇಲೆ ಬರೆದಳು, ಒಬ್ಬಳೇ ಬರುತ್ತೇನೆ, ಪೂರ್ತಿ ದಿನ ಬೇಕು, ಚೆಕ್ ಭಾಷೆಯಲ್ಲೇ ಹೇಳಿ. ನಿಮ್ಮ ಚೆಕ್ ತುಂಬಾ ಚೆನ್ನಾಗಿದೆ ಮೇಡಂ, ಎಂದ ಅವನು ಕನ್ನಡಿಯಲ್ಲಿ ನೋಡದೆ, ಆಸ್ಟ್ರಿಯಾದವರು ನಮ್ಮ ಒಂದೊಂದು ಅಕ್ಷರಕ್ಕೆ ನಾಲಿಗೆ ಮುರ್ಕೋತಾರೆ, ನೀವು ಎಲ್ಲಿ ಕಲಿತ್ರಿ? ಚಿಕ್ಕಂದಿನಲ್ಲಿ, ಎಂದಳು. ಚಿಕ್ಕಂದಿನಲ್ಲಿ ಕಲಿತದ್ದು ಮರೆಯೋದಿಲ್ಲ ಅಂತಾರೆ, ಎಂದ ಅವನು, ಗೇರು ಬದಲಿಸಿದ.

ಊರಂಚಿನ ಸೆದ್ಲೆಟ್ಸ್ ಬಂತು, ಮೂಳೆಯ ಚಾಪೆಲ್ಲು, ಸತ್ತವರ ಎಲುಬಿನಿಂದಲೇ ಸಿಂಗರಿಸಿದ ಪುಟ್ಟ ಚರ್ಚು, ಮೆಟ್ಟಿಲಿಳಿದರೆ ತಲೆಬುರುಡೆಗಳ ತೋರಣ, ತೊಡೆಮೂಳೆಗಳ ಗೊಂಚಲು ದೀಪ, ನಲವತ್ತು ಸಾವಿರ ಜನ ಮೇಡಂ, ಪ್ಲೇಗಿನವರು, ಯುದ್ಧದವರು, ಕೊಂದವರು ಕೊಲ್ಲಿಸಿಕೊಂಡವರು ಎಲ್ಲ ಒಂದೇ ರಾಶಿಯಲ್ಲಿ, ನಮ್ಮ ಊರಲ್ಲಿ ಜನ ಜಗಳ ಆಡದೇ ಇರೋ ಜಾಗ ಅಂದ್ರೆ ಇದೊಂದೇ, ಎಂದು ಎಲ್ಲರಿಗೂ ಹೇಳುವ ತಮಾಷೆಯನ್ನು ಅವಳಿಗೂ ಹೇಳಿದ, ಅವಳು ನಕ್ಕಳು, ನಗುವಿಗೆ ತಡವಾಯಿತು. ಇದರ ಹಿಂದೆಯೇ ತಂಬಾಕು ಕಾರ್ಖಾನೆ, ಅಲ್ಲಿ ಅವಳು ಎಂಟು ವರ್ಷ ದುಡಿದವಳು, ಪಾಳಿ ಮುಗಿಸಿ ಮನೆಗೆ ಬಂದರೆ ಅವನು ಓಡಿಬಂದು ಅವಳ ಏಪ್ರನ್ನಿಗೆ ಮೂಗು ತುರುಕುವುದು, ಸೀನುವುದು, ಮತ್ತೆ ತುರುಕುವುದು, ಹುಚ್ಚು ಕೂಸೇ, ಮೂಗು ಉರಿಯುತ್ತೆ, ಬಿಡೋ — ಮಿಲೋಷ್ ಬೈಕಿನಿಂದ ಬಿದ್ದು ಸತ್ತು ಆಗ ಮೂರು ವರ್ಷ, ಅತ್ತೆ ಅನೆಷ್ಕಾ ಮಗನಿಗಾಗಿ ಉಟ್ಟ ಕಪ್ಪು ಬಟ್ಟೆ ಇನ್ನೂ ಬಿಚ್ಚಿರಲಿಲ್ಲ, ಮನೆಯೆಲ್ಲ ಕಪ್ಪು, ಯಾರ್ಮಿಲಾಗೆ ಮೂವತ್ತೆರಡು, ಸಮುದ್ರ ನೋಡಬೇಕು ಎನ್ನಿಸಿತು, ಅಷ್ಟೇ, ಯುಗೊಸ್ಲಾವಿಯಾದ ಸಮುದ್ರಕ್ಕೆ ಕಾರ್ಖಾನೆಯಿಂದ ಬಸ್ಸು ಹೊರಟಿತ್ತು. ಪಾಸ್‌ಪೋರ್ಟು ಕಚೇರಿಯವನು ಸಿಗರೇಟು ಹಚ್ಚಿಕೊಂಡು, ನೀವು ಹೋಗಿ ಬನ್ನಿ, ಮಗು ಇಲ್ಲೇ ಇರಲಿ, ಮಗು ಇದ್ರೆ ನೀವು ವಾಪಸ್ ಬರ್ತೀರಿ ಅಲ್ವಾ, ಎಂದಿದ್ದ. ಅವನಿಗೆ ಗೊತ್ತಿತ್ತು ತಾಯಂದಿರ ವಿಷಯ. ನನ್ನ ವಿಷಯ ಗೊತ್ತಿರಲಿಲ್ಲ. ಒಂಬತ್ತನೆಯ ದಿನ ಐಸ್‌ಕ್ರೀಮಿನ ಸಾಲಿನಲ್ಲಿ ನಿಂತಿದ್ದಾಗ ಜೊತೆಯ ಇಬ್ಬರು ಪಿಸುಗುಟ್ಟಿದರು, ಬೆಟ್ಟದ ಆಚೆ ಆಸ್ಟ್ರಿಯಾದ ಗಡಿ, ದಾಟಿದ್ರೆ ಮತ್ತೆ ಊರಿಗೆ ಹೋಗೋ ಹಾಗಿಲ್ಲ, ಬರ್ತೀಯಾ, ಈಗಲೇ ಹೇಳು. ಕೈಯಲ್ಲಿ ಐಸ್‌ಕ್ರೀಮು ಕರಗುತ್ತಿತ್ತು. ಮಗುವನ್ನು ಆರು ತಿಂಗಳಲ್ಲಿ ಕರೆಸಿಕೊಳ್ಳಬಹುದು, ರೆಡ್‌ಕ್ರಾಸಿನವರು ಕರೆಸಿಕೊಡುತ್ತಾರೆ, ಎಲ್ಲರಿಗೂ ಹಾಗೇ ಆಗಿದೆ, ಎಂದರು. ಹೂಂ ಎಂದಳು. ಒಂದು ಹೂಂ. ಆರು ತಿಂಗಳು ಒಂದು ವರ್ಷವಾಯಿತು, ಅರ್ಜಿ ಹಿಂದೆ ಬಂತು, ಇನ್ನೊಂದು ಬರೆದಳು, ಅದೂ ಹಿಂದೆ ಬಂತು, ಮೂರನೆಯದನ್ನು ಬರೆದಳೇ? ಬರೆದೆ ಎಂದು ಹೊಸ ಗಂಡನಿಗೆ ಹೇಳುತ್ತಿದ್ದಳು. ಆಗ ಹೊಟ್ಟೆಯಲ್ಲಿ ಕತ್ರಿನ್ ಇದ್ದಳು, ಹೊಸ ಅಡುಗೆಮನೆಗೆ ಹಳದಿ ಪರದೆ ಹೊಲಿಯುತ್ತಿದ್ದಳು, ಮೂರನೆಯದನ್ನು ಬರೆಯಲಿಲ್ಲ. ಈ ಬುರುಡೆಗಳಿಗೆ ಕಣ್ಣಿಲ್ಲದಿರುವುದೇ ಒಳ್ಳೆಯದಾಯಿತು. ಹೋಗೋಣ್ವಾ ಮೇಡಂ, ಇಲ್ಲಿ ತಣ್ಣಗಿದೆ, ಶಾಲು ಹೊದ್ಕೊಳ್ಳಿ, ಎಂದ ಅವನು, ಕೆಳಗೆ ಜಾರಿದ್ದ ಶಾಲನ್ನು ಎತ್ತಿ ಕೊಟ್ಟ, ಭುಜಕ್ಕೆ ಹೊದಿಸಲಿಲ್ಲ.

ಊರೊಳಗೆ ಸುಣ್ಣ ಬಳಿದ ಹೊಸ ಗೋಡೆಗಳು, ಅವಳ ಕಾಲದಲ್ಲಿ ಎಲ್ಲವೂ ಮಸಿ, ಟಂಕಸಾಲೆಯ ಅಂಗಳ, ಇಲ್ಲಿ ರಾಜನ ಬೆಳ್ಳಿನಾಣ್ಯ ಬಡೀತಿದ್ರು, ಸುತ್ತಿಗೆ ಸದ್ದಿಗೆ ಕಮ್ಮಾರರಿಗೆಲ್ಲ ಕಿವಿ ಹೋಗಿತ್ತು, ಹೆಂಡತಿ ಬೈದ್ರೂ ಕೇಳ್ತಿರಲಿಲ್ಲ, ಪುಣ್ಯವಂತರು, ಎಂದು ಅವನು ಹೇಳುತ್ತಲೇ ನಡೆದ, ಚೆನ್ನಾಗಿ ಹೇಳುತ್ತಾನೆ, ಎಷ್ಟು ಚೆನ್ನಾಗಿ, ಐದು ವರ್ಷದವನಿಗೆ ಮಾತು ತೊದಲುತ್ತಿತ್ತು, ಯಾರು ತಿದ್ದಿದರು, ಯಾವ ಟೀಚರು, ಯಾವ ಮಧ್ಯಾಹ್ನ, ನಾನು ಆಗ ಎಲ್ಲಿದ್ದೆ, ಯಾವ ಅಂಗಡಿಯಲ್ಲಿ ಏನು ಕೊಳ್ಳುತ್ತಿದ್ದೆ. ಕಲ್ಲಿನ ಕಾರಂಜಿಯ ಹತ್ತಿರ ಅವಳ ಕಾಲು ತಾನಾಗಿ ಎಡಕ್ಕೆ ತಿರುಗಿತು. ಈ ಗಲ್ಲಿಯಲ್ಲಿ ಹೋಗಬಹುದಾ, ಎಂದಳು. ಅವನು ನಿಂತ. ಆ ಗಲ್ಲಿಯಲ್ಲಿ ನೋಡೋಂಥದ್ದೇನೂ ಇಲ್ಲ ಮೇಡಂ, ಎಂದ ಮೆಲ್ಲಗೆ, ಬಲಕ್ಕೆ ಕೈ ತೋರಿಸಿದ. ಗಲ್ಲಿಯ ತುದಿಯಲ್ಲಿ ಹಸಿರು ಬಾಗಿಲು, ತೊಂಬತ್ತರ ವಸಂತದಲ್ಲಿ ಗಡಿ ತೆರೆದ ಮೇಲೆ ಅದೇ ಬಾಗಿಲನ್ನು ಅವಳು ತಟ್ಟಿದ್ದಳು, ಒಂದು ಕೈಯಲ್ಲಿ ಚಾಕಲೇಟು, ಇನ್ನೊಂದರಲ್ಲಿ ಹುಡುಗನ ಜೀನ್ಸು, ಅಳತೆ ಗೊತ್ತಿಲ್ಲದೆ ಅಂಗಡಿಯಲ್ಲಿ ಹನ್ನೊಂದು ವರ್ಷದವನಿಗೆ ಎಂದು ಕೇಳಿ ತಂದದ್ದು. ಅತ್ತೆ ಅನೆಷ್ಕಾ ಸರಪಳಿ ತೆಗೆಯದೆ ಬಾಗಿಲನ್ನು ಒಂದು ಗೇಣು ತೆರೆದು, ಬಂದ್ಯಾ, ಈಗ ಬಂದ್ಯಾ, ಎಂದಳು, ಅವನು ನಿನ್ನ ನೋಡಲ್ಲ ಅಂತಾನೆ ಕಣೇ, ನಾ ಏನ್ಮಾಡ್ಲಿ, ಹೊಡೆದು ಕಳಿಸ್ಲಾ? ಕತ್ತಲೆಯ ನಡುಮನೆಯಿಂದ ಯಾರೋ ಉಸಿರಾಡುವುದು ಕೇಳಿಸಿತು. ಕೂಗಿ ಕರೆಯಬೇಕಿತ್ತು. ಹೊಸ್ತಿಲ ಮೇಲೆ ಕೂತುಬಿಡಬೇಕಿತ್ತು, ಎರಡು ದಿನ, ಹತ್ತು ದಿನ. ಸಂಜೆಯ ರೈಲಿಗೆ ಟಿಕೆಟ್ಟಿತ್ತು, ಸಂಜೆಯ ರೈಲಿಗೆ ಹೋದಳು. ಇವತ್ತು ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ನೀವೂ ನನ್ನ ಜೊತೆ ಕೂತ್ಕೊಳ್ಳಿ, ಎಂದಳು, ಕೂತ, ಬಡಿಸುವ ದಪ್ಪ ಹೆಂಗಸು ಅವನ ಬೆನ್ನಿಗೆ ಗುದ್ದಿ, ಏನೋ ವೀತ್ಯಾ, ಇವತ್ತು ಒಬ್ಬರೇನಾ, ಮಿಕ್ಕೋರೆಲ್ಲ ನಿನ್ನ ಕೊರೆತ ತಾಳಲಾರದೆ ಓಡಿಹೋದ್ರಾ, ಎಂದಳು, ಅವನು ಬಾಯಿತುಂಬ ನಕ್ಕ, ಮುಂದಿನ ಹಲ್ಲು ಒಂದರ ಮೇಲೊಂದು ಏರಿದೆ, ನನಗೆ ಗೊತ್ತಿರಲಿಲ್ಲ, ಹಾಲುಹಲ್ಲು ಬೀಳುವ ಮೊದಲೇ ಹೋದವಳಿಗೆ ಹೇಗೆ ಗೊತ್ತಿರಬೇಕು. ಆ ಹೆಂಗಸು ಇಬ್ಬರನ್ನೂ ನೋಡಿ ಕಣ್ಣು ಕಿರಿದು ಮಾಡಿದಳು, ಇವರು ನಿಮ್ಮ ಕಡೆಯೋರೇನೋ, ಅದೇ ಗಲ್ಲ, ಅಚ್ಚು ಹೊಡೆದ ಹಾಗಿದೆ. ಅತಿಥಿ, ಎಂದ ವೀತ್, ನನಗೆ ಮಾಮೂಲಿ ಸೂಪು, ಮೇಡಂಗೆ ಏನು ಬೇಕೋ ಕೇಳು. ಮೇಡಂ ಪ್ಲಮ್ಮಿನ ಕಡುಬು ಕೇಳಿದಳು, ಮೇಲೆ ಸಿಹಿಗಸಗಸೆ, ಬಿಸಿ ಬೆಣ್ಣೆ, ಭಾನುವಾರದ ಕಡುಬು, ಅವನು ಏಳು ತಿನ್ನುತ್ತಿದ್ದ, ಬೀಜಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ, ಈಗ ಆ ಕಡೆಗೆ ಕಣ್ಣೆತ್ತಲಿಲ್ಲ. ಒಂದು ತಗೊಳ್ಳಿ. ಬೇಡ ಮೇಡಂ, ನಾನು ಸಿಹಿ ತಿನ್ನಲ್ಲ. ಮಕ್ಕಳಿದ್ದಾರಾ? ಒಬ್ಬಳು, ಆರು ವರ್ಷ, ಅನೆಷ್ಕಾ ಅಂತ, ನಮ್ಮಜ್ಜಿ ಹೆಸರು, ನನ್ನ ಸಾಕಿದೋರು ಅವರು. ಅಜ್ಜಿ ಇದ್ದಾರಾ? ಹೋಗಿ ನಾಲ್ಕು ವರ್ಷ ಆಯ್ತು. ಕೇಳಬಾರದಾಗಿತ್ತು, ಕೇಳಿದಳು, ತಾಯಿ? ಅವನು ಉಪ್ಪಿನ ಬಟ್ಟಲನ್ನು ಮೇಜಿನ ನಡುವಿಗೆ ತಳ್ಳಿದ. ನನಗೆ ತಾಯಿ ಇಲ್ಲ ಮೇಡಂ. ದನಿಯಲ್ಲಿ ಏನೂ ಇರಲಿಲ್ಲ, ಕೋಪ ಇದ್ದಿದ್ದರೆ ಹಿಡಿದುಕೊಳ್ಳಲು ಒಂದು ಹಿಡಿಯಾದರೂ ಇರುತ್ತಿತ್ತು.

ಬೆಳ್ಳಿ ಗಣಿಯ ಬಾಗಿಲಲ್ಲಿ ಬಿಳಿ ನಿಲುವಂಗಿ, ತಲೆಗೆ ಹೆಲ್ಮೆಟ್ಟು, ಕೈಗೊಂದು ದೀಪ, ಅಲ್ಲಿಯ ಹುಡುಗಿ ಕೀಲಿಕೈ ಎಸೆದು, ನಿನ್ನ ಅತಿಥೀನ ನೀನೇ ಕರ್ಕೊಂಡು ಹೋಗಪ್ಪ, ನನ್ನ ಕಾಫಿ ಆರ್ತಿದೆ, ಎಂದಳು, ಮೆಟ್ಟಿಲು, ಇನ್ನೂ ಮೆಟ್ಟಿಲು, ಆಮೇಲೆ ಗೋಡೆಗಳು ಎರಡೂ ಭುಜಕ್ಕೆ ತಾಗುವಷ್ಟು ಇಕ್ಕಟ್ಟು, ತಲೆ ಬಗ್ಗಿಸಿ ಮೇಡಂ, ಇಲ್ಲಿ ನೀರಿದೆ ಮೇಡಂ, ಅವನ ಬೆನ್ನನ್ನೇ ಹಿಡಿದು ಅವಳು ನಡೆದಳು, ಹೀಗೆಯೇ ಹೋಗುತ್ತಿರಬಹುದಾಗಿತ್ತು, ಭೂಮಿ ಮುಗಿಯುವವರೆಗೆ, ಈ ಬೆನ್ನಿನ ಹಿಂದೆ. ಸ್ವಲ್ಪ ಅಗಲವಾದ ಕಡೆ ನಿಂತ. ಇಲ್ಲಿ ಎಲ್ರಿಗೂ ಒಂದು ತೋರಿಸ್ತೀವಿ, ದೀಪ ಆರಿಸ್ತೀವಿ, ಎಣ್ಣೆ ಮುಗಿದ ಗಣಿಯೋನು ನೋಡ್ತಿದ್ದ ಕತ್ತಲು ಯಾವುದು ಅಂತ ಗೊತ್ತಾಗ್ಬೇಕು, ಹೆದರಬೇಡಿ, ನಾನು ಎಣಿಸ್ತೀನಿ, ಆಮೇಲೆ ಹಚ್ಚೋಣ. ಅವಳ ದೀಪ, ಅವನ ದೀಪ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ನೀರು ತೊಟ್ಟಿಕ್ಕುವ ಸದ್ದು. ಅವಳ ಕೈ ತಡಕಿ ಅವನ ತೋಳು ಹಿಡಿಯಿತು, ಅವನು ತೋಳನ್ನು ಎಳೆದುಕೊಳ್ಳಲಿಲ್ಲ, ಬಿಗಿಯಾಯಿತು ಅಷ್ಟೇ, ಮರದಂತೆ. ಒಂದು, ಎಂದ. ಎರಡು. ನಿಧಾನ, ಎರಡರ ನಡುವೆ ಒಂದು ಇಡೀ ಉಸಿರು. ಐದು. ಎಂಟು. ಹತ್ತಕ್ಕೆ ನಿಲ್ಲಿಸುತ್ತಾನೆ ಎಂದುಕೊಂಡಳು, ನಿಲ್ಲಿಸಲಿಲ್ಲ, ಹನ್ನೊಂದು, ಹನ್ನೆರಡು, ಅವನ ದನಿ ತೆಳ್ಳಗಾಗುತ್ತಿತ್ತು, ಹದಿಮೂರು, ಹದಿನಾಲ್ಕು — ನಿಲ್ಲಿಸಿದ. ಬರೀ ನೀರು. ಹದಿನೈದು ಬರಲಿ ಎಂದು ಅವಳು ಕಾದಳು. ಅಷ್ಟೇ ಮೇಡಂ, ಎಂದಿತು ಕತ್ತಲು, ಅದರ ಮುಂದಿನದು ನನಗೆ ಬರ್ತಿರ್ಲಿಲ್ಲ, ಹದಿನಾಲ್ಕು ಮಾತ್ರ ಕಲಿಸಿ ಹೋಗಿದ್ರು ನೀವು, ಹದಿನೈದನ್ನ ಅಜ್ಜಿ ಹೇಳ್ಕೊಟ್ರು. ಆಗ ಅದು ಬಂತು, ಮೂವತ್ತೆರಡು ವರ್ಷ ಬಾಗಿಲು ಹಾಕಿಟ್ಟದ್ದು, ಕತ್ತಲಲ್ಲಿ ಎಲ್ಲಕ್ಕಿಂತ ಬೆಳಕಾಗಿ — ಬೆಳಗಿನ ಬಸ್ಸು, ಅತ್ತೆಯ ಪಕ್ಕ ನಿಂತ ಅವನು, ಹಿಂದಿನ ಸಂಜೆಯೆಲ್ಲ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದಳು, ಹದಿನಾಲ್ಕು ನಿದ್ದೆ ಕಣೋ ವೀತೆಕ್, ಹದಿನಾಲ್ಕು ನಿದ್ದೆ ಮಾಡಿ ಎದ್ರೆ ಅಮ್ಮ ಬಂದಿರ್ತಾಳೆ, ಬಸ್ಸಿನ ಗಾಜಿನಾಚೆಗೆ ಅವನು ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸುತ್ತಿದ್ದಾನೆ, ಆಮೇಲೆ ನಾಲ್ಕು, ಹೆಬ್ಬೆರಳು ಮಡಚಿ ನಿಲ್ಲುತ್ತಿಲ್ಲ, ಎದ್ದೇಳುತ್ತಿದೆ, ಅದನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದುಕೊಂಡು ತೋರಿಸುತ್ತಿದ್ದಾನೆ, ಸರಿ ತಾನೇ ಅಮ್ಮ, ಸರಿ ತಾನೇ. ದೀಪ ಹತ್ತಿತು. ಅವನ ಮುಖ ಒದ್ದೆಯಾಗಿತ್ತೋ, ಗಣಿಯ ನೀರೋ, ಆಗಲೇ ಮುಂದಕ್ಕೆ ತಿರುಗಿದ್ದ. ತಲೆ ಬಗ್ಗಿಸಿ ಮೇಡಂ.

ಹಿಂದಿರುಗುವ ದಾರಿಯಲ್ಲಿ ಹೊಲಗಳ ಮೇಲೆ ಸಂಜೆಬಿಸಿಲು, ಮತ್ತೆ ಅದೇ ಕತ್ತು, ಲಿಂಟ್ಸ್‌ನಿಂದ ಬರುವಾಗ ರೈಲಿನಲ್ಲಿ ಬರೆದುಕೊಂಡ ಎರಡು ಹಾಳೆ ಕೈಚೀಲದಲ್ಲಿ, ಅರ್ಜಿಗಳು, ರೆಡ್‌ಕ್ರಾಸು, ಗಡಿ, ಕಾಲ, ಎಲ್ಲ ನಿಜ, ಒಂದೂ ಬಾಯಿಗೆ ಬರುವಂಥದ್ದಲ್ಲ. ವೀತೆಕ್, ಎಂದಳು. ಹೇಳಿ ಮೇಡಂ. ಯಾವಾಗ ಗೊತ್ತಾಯ್ತು? ನಿಮ್ಮ ಪತ್ರ ಬಂದ ದಿನಾನೇ, ಎಂದ ಅವನು, ಯಾರ್ಮಿಲಾ ಅನ್ನೋ ಹೆಸರು, ಲಿಂಟ್ಸ್ ಅನ್ನೋ ಊರು, ನೀವು ಕಳಿಸ್ತಿದ್ದ ಪೊಟ್ಟಣಗಳನ್ನ ಅಜ್ಜಿ ವಾಪಸ್ ಮಾಡ್ತಿದ್ರಲ್ಲ, ಅದಕ್ಕೆ ಮುಂಚೆ ಮೇಲಿನ ವಿಳಾಸ ನಾನು ಓದ್ತಿದ್ದೆ, ಬಾಯಿಪಾಠ ಆಗಿತ್ತು. ಬರಬೇಡಿ ಅನ್ನಬಹುದಿತ್ತಲ್ಲೋ. ಅನ್ನಬಹುದಿತ್ತು, ಎಂದ, ಲಾರಿಯೊಂದನ್ನು ದಾಟಿದ, ಆಮೇಲೆ, ಬಾಗಿಲು ತಟ್ಟಿದ್ರಲ್ಲ ಅವತ್ತು, ನಾನು ಒಳಗೆ ಗೂಟಕ್ಕೆ ನೇತುಹಾಕಿದ್ದ ಕೋಟಿನ ಹಿಂದೆ ನಿಂತಿದ್ದೆ, ಇನ್ನೊಂದ್ಸಲ ತಟ್ಟಿದ್ರೆ ಹೋಗೋಣ ಅಂತ, ನೀವು ತಟ್ಟಲಿಲ್ಲ, ಅವತ್ತಿಂದ ನಿಮ್ಮನ್ನ ಒಂದು ಸಲ ಪೂರ್ತಿ ನೋಡಬೇಕು ಅಂತ ಇತ್ತು, ಒಂದಿನ, ಬೆಳಗಿಂದ ಸಂಜೆ ತನಕ, ಹೇಗೆ ನಡೀತೀರಿ, ಹೇಗೆ ತಿಂತೀರಿ. ನೋಡ್ದೆ. ಕ್ಷಮಿಸು ಎನ್ನಬೇಕಿತ್ತು, ಎಂದಳು, ಎಂದಳೇ, ತುಟಿ ಅಲುಗಿತು, ಟೈರಿನ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ. ಹೋಟೆಲಿನ ಮುಂದೆ ಇಳಿದು ಹಿಂದಿನ ಬಾಗಿಲು ತೆರೆದು ಹಿಡಿದ, ಬೆಳಗಿನ ಹಾಗೆಯೇ ಕೈ ಚಾಚಿದ, ಅವಳು ಎರಡೂ ಕೈಯಿಂದ ಹಿಡಿದುಕೊಂಡಳು, ಮಗೂನ ಒಂದ್ಸಲ ತೋರಿಸ್ತೀಯಾ, ದೂರದಿಂದ ಸಾಕು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ, ನೋವಾಗದಂತೆ, ಬಿಡಿಸಿಕೊಂಡ. ಅವಳಿಗೆ ಎಣಿಸೋಕೆ ಕಲಿಸ್ತಾ ಇದೀನಿ ಮೇಡಂ, ನೂರರ ತನಕ ಬರುತ್ತೆ, ಎಂದ, ಎಲ್ಲ ಅತಿಥಿಗಳಿಗೂ ಮತ್ತೆ ಬನ್ನಿ ಅಂತೀನಿ, ನಿಮಗೆ ಅನ್ನೋಕೆ ನನ್ನಿಂದ ಆಗ್ತಿಲ್ಲ, ಜೋಪಾನವಾಗಿ ಹೋಗಿ. ಕಾರು ಹೋಯಿತು, ಟ್ರಾಮು ಹೋಯಿತು, ಜನ ಅವಳನ್ನು ಸುತ್ತಿಬಳಸಿ ಹೋದರು, ಕೊನೆಗೆ ಹೋಗಿ ಅಂದನಲ್ಲ, ಅಮ್ಮನಿಗೆ ಅನ್ನುವ ಹಾಗೆ ಹೋಗು ಅನ್ನಲಿಲ್ಲವಲ್ಲ, ನಾಳೆ ಎಂಟಕ್ಕೆ ರೈಲು, ಬಟ್ಟೆ ಮಡಚಬೇಕು, ಕತ್ರಿನ್‌ಗೆ ಫೋನ್ ಮಾಡಬೇಕು, ಏನೆಂದು, ಒಂದು ಹಳೆಯ ಊರು ನೋಡಿಬಂದೆ, ಚೆನ್ನಾಗಿತ್ತು, ಗೈಡು ಒಳ್ಳೆಯವನು, ತುಂಬಾ ಚೆನ್ನಾಗಿ ಹೇಳಿದ, ಒಳಗೆ ಹೋಗಬೇಕು, ಕಾಲು ಎತ್ತಬೇಕು, ಬಸ್ಸು ಹೊರಟಿತು ಆಗ, ಅವನು ಚಿಕ್ಕವನಾಗುತ್ತಾ ಹೋದ, ಕೈ ಮಾತ್ರ ಮೇಲೆ, ಹತ್ತು ಬೆರಳು, ಆಮೇಲೆ ನಾಲ್ಕು, ಹತ್ತು, ಆಮೇಲೆ ನಾಲ್ಕು, ನಿಲ್ಲದ ಆ ಹೆಬ್ಬೆರಳು, ಅದನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದು — ಆ ಹೆಬ್ಬೆರಳು —